ಚೌಳು ಹೊಲದ ಕರಬೂಜ

ಖೋರೆಜ್ಮ್ ಸೀಮೆಯ ಒಂದು ಮನೆಯ ಹೊಲ ಪಾಲಾದಾಗ ಹಿರಿಸೊಸೆ ಬೆಕ್‌ಪೋಷಾಳಿಗೆ ಬಂದದ್ದು ಚೌಳು ನೆಲ. ಚಳಿಗಾಲದ ಕೊನೆಗೆ ಹೊಲದ ತುಂಬ ಕಾಲುವೆ ನೀರು ನಿಲ್ಲಿಸಿ ಎಷ್ಟು ಉಪ್ಪು ತೊಳೆದರೂ, ಬಿಸಿಲು ಬಿದ್ದೊಡನೆ ಅದು ಮತ್ತೆ ಬೆಳ್ಳಗಾಗುತ್ತಿತ್ತು. ಹತ್ತಿ ಗಿಡ ಮೊಣಕಾಲೆತ್ತರಕ್ಕೂ ಏಳುತ್ತಿರಲಿಲ್ಲ.

“ನಿಮಗೇನಕ್ಕಾ, ಸಾರಿಗೆ ಉಪ್ಪು ಕೊಳ್ಳೋ ಹಾಗೇ ಇಲ್ಲ,” ಎಂದು ಪಕ್ಕದ ಹೊಲದ ಓರಗಿತ್ತಿ ಸನೋಬರ್ ಚುಚ್ಚುತ್ತಿದ್ದಳು.

ಆದರೆ ಕರಬೂಜ ಮಾತ್ರ ಆ ಮಣ್ಣಿನಲ್ಲಿ ಜೇನಿನಂತೆ ಬಂತು. ಸನೋಬರಳ ಹಣ್ಣು ನೋಡಲು ಕುಂಬಳಕಾಯಿಯಷ್ಟು, ತಿಂದರೆ ಬರೀ ಸಪ್ಪೆ.

“ಅದ್ಹೇಗಕ್ಕಾ ಇಷ್ಟು ಸಿಹಿ?”

“ಎಲ್ಲಾ ಆ ಬಿಳಿ ಮಣ್ಣಿನ ಗುಣ ಕಣೇ,” ಎಂದಳು ಬೆಕ್‌ಪೋಷಾ.

ಮರುದಿನ ಬೆಳಗ್ಗೆ ಅವಳ ಗಂಡ ರೋಜ್ಮತ್ ಚಹಾದ ಬಟ್ಟಲು ಹಿಡಿದವನು ಹಾಗೇ ಎದ್ದು ನಿಂತ. ಬೆಕ್‌ಪೋಷಾಳ ಹೊಲದ ಬಿಳಿ ಮಣ್ಣನ್ನು ಸನೋಬರ್ ಕೆರೆದು, ಬಕೆಟ್ಟಿಗೆ ತುಂಬಿ, ತನ್ನ ಹೊಲಕ್ಕೆ ಹೊರುತ್ತಿದ್ದಳು.

“ನೋಡೇ, ನಮ್ಮ ಮಣ್ಣು ಕದೀತಿದಾಳೆ. ತಾಳು, ಹೋಗಿ ಕೇಳ್ತೀನಿ.”

ಬೆಕ್‌ಪೋಷಾ ತೋಳು ಹಿಡಿದು ಕೂರಿಸಿದಳು.

“ಸುಮ್ನೆ ಚಾ ಕುಡೀರಿ. ಕಾಲುವೆ ಕಡೆ ಮೂಲೇಲಿ ಇನ್ನೂ ಉಪ್ಪಿದೆ. ಅದನ್ನೂ ಕೆರ್ಕೊಂಡು ಹೋಗ್ಲಿ, ಆಮೇಲೆ ಬೈಯುವಿರಂತೆ.”