ಮಾವ ಚೆಲ್ಲಿದ ಹಾಲು

ನಮ್ಮ ಮಾವ ಹಾಲಿನ ಡೈರಿಯಲ್ಲಿದ್ದು ನಿವೃತ್ತರಾದವರು. ಬೆಳಗಾದರೆ ಸಾಲಾಗಿ ಬಂದಿಳಿಯುವ ಕ್ಯಾನುಗಳ ಮುಚ್ಚಳ ತೆಗೆದು, ಬಗ್ಗಿ ಮೂಸಿ, ಒಳ್ಳೆಯದನ್ನು ಒಳಗೆ ಬಿಡುವುದು, ಕೆಟ್ಟದ್ದನ್ನು ಬಂದ ದಾರಿಗೇ ಅಟ್ಟುವುದು ಅವರ ಕೆಲಸ. ಪರೀಕ್ಷೆ ಮಾಡುವ ಯಂತ್ರಗಳು ಬಂದ ಮೇಲೂ, ಯಂತ್ರ ಒಂದು ಹೇಳಿ ಮಾವನ ಮೂಗು ಇನ್ನೊಂದು ಹೇಳಿದರೆ ಜನ ಮೂಗಿನ ಮಾತನ್ನೇ ಕೇಳುತ್ತಿದ್ದರಂತೆ. ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಗಂಡ. ಮಾವ ತಾವಾಗಿ ಏನನ್ನೂ ಹೇಳುವವರಲ್ಲ. ಅವರ ಬಾಯಿಂದ ಮಾತು ಹೊರಡಿಸುವುದೆಂದರೆ ಕೆಟ್ಟು ನಿಂತ ಬಸ್ಸನ್ನು ತಳ್ಳಿ ಸ್ಟಾರ್ಟ್ ಮಾಡಿದ ಹಾಗೆ.

ಬಸ್ಸಿನ ಮಾತು ಯಾಕೆ ಬಂತೆಂದರೆ ನಾನು ಸಿಟಿ ಬಸ್ ಡ್ರೈವರು. ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರಲ್ಲ, ಆ ಪೈಕಿ. ಅಡ್ಡ ಬಂದ ಸ್ಕೂಟರಿನವನನ್ನು ಬೈಯದೆ ಬಿಟ್ಟ ದಿನ ನನಗೆ ಊಟ ಸೇರುವುದಿಲ್ಲ. ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವನು, ಬೆಳಕು ಹರಿಯುವ ಮೊದಲೇ ಮನೆ ಬಿಟ್ಟರೆ ಬರುವುದು ಸಂಜೆಗೆ. ಅತ್ತೆ ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಹಾಗಾಗಿ ಹಗಲೆಲ್ಲ ಮೂರನೇ ಮಹಡಿಯ ಆ ಎರಡು ಕೋಣೆಯಲ್ಲಿ ಇರುತ್ತಿದ್ದವರು ಮಾತಿಲ್ಲದ ಮಾವ, ಮಾತು ಹೆಚ್ಚಾದ ನಾನು, ಮತ್ತು ಚೋಟಿ. ಚೋಟಿ ನನ್ನ ಮಗಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಆ ಹೆಸರು. ತಿಂಗಳು ತುಂಬುವಷ್ಟರಲ್ಲಿ ಗಂಟಲು ಮಾತ್ರ ಆಳುದ್ದ ಬೆಳೆದಿತ್ತು.

ಆಗಲೇ ಡಿಪೋದಿಂದ ಫೋನ್ ಬಂತು. ಹೆರಿಗೆ ರಜೆಗೆ ಹೋದವರು ಮತ್ತೆ ಸ್ಟಿಯರಿಂಗ್ ಹಿಡಿಯಬೇಕಾದರೆ ಇನ್ಸ್‌ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಬೇಕು. ರಜೆ ಇನ್ನೂ ಉಳಿದಿತ್ತು, ಆದರೆ ಪರೀಕ್ಷೆಗೆ ಯಾರ ರಜೆಯೂ ಗೊತ್ತಿಲ್ಲವಲ್ಲ. ಈ ಸಲ ತಪ್ಪಿಸಿದರೆ ಮುಂದಿನದಕ್ಕೆ ವರ್ಷದ ಕೊನೆಯವರೆಗೆ ಕಾಯಬೇಕು, ಅಲ್ಲಿಯ ತನಕ ಬಸ್ ಪಾಸ್ ಕೊಡುವ ಕಿಂಡಿಯ ಹಿಂದೆ ಕೂರಬೇಕು. ಕಿಂಡಿಯ ಹಿಂದೆ ಕೂತರೆ ನಾನು ಕೊಳೆತುಹೋಗುತ್ತೇನೆ. ಹೋಗಲೇಬೇಕೆಂದು ಅವತ್ತೇ ತೀರ್ಮಾನಿಸಿದೆ. ಅರ್ಧ ದಿನದ ಮಾತು. ಆ ಅರ್ಧ ದಿನಕ್ಕೆ ಚೋಟಿಗೆ ಹಾಲು ಕೂಡಿಡಬೇಕು, ಅಷ್ಟೇ.

ಅಷ್ಟೇ ಅಂದೆ ನೋಡಿ, ಅಲ್ಲೇ ಇರುವುದು ಕಥೆ. ಮಗುವಿಗೆ ಕುಡಿಸುವ ಮೊದಲು ಎದೆಹಾಲು ತೆಗೆಯುವ ಪಂಪು ಹಾಕಿದರೆ ಮಗುವಿಗೆ ಸಿಗುವುದಿಲ್ಲ. ಕುಡಿಸಿದ ಮೇಲೆ ಹಾಕಿದರೆ ಪಂಪಿಗೆ ಸಿಗುವುದಿಲ್ಲ. ನಡುವೆ ಹಾಕೋಣವೆಂದರೆ ಚೋಟಿಯ ಲೆಕ್ಕದಲ್ಲಿ ನಡುವೆ ಅನ್ನುವುದೇ ಇಲ್ಲ. ನಾನು ಪಂಪಿನ ಬಟ್ಟಲು ಕೈಗೆತ್ತಿಕೊಂಡರೆ ಸಾಕು, ಯಾರೋ ಹೋಗಿ ಚಾಡಿ ಹೇಳಿದ ಹಾಗೆ ಎದ್ದು ಕೂಗುತ್ತಿದ್ದಳು. ಕೊನೆಗೆ ಕ್ಲಿನಿಕ್ಕಿನ ನರ್ಸಮ್ಮ ದಾರಿ ಹೇಳಿಕೊಟ್ಟಳು. "ಬೆಳಗಿನ ಮೊದಲ ಸಲ ಕುಡಿಸುವಾಗ ಒಂದು ಕಡೆ ಮಗು, ಇನ್ನೊಂದು ಕಡೆ ಪಂಪು. ಅವಳು ಎಳೆದ್ರೆ ಎರಡೂ ಕಡೆ ಇಳಿಯುತ್ತೆ. ಅವಳಿಂದಾನೇ ಕೆಲಸ ತಗೋ." ಹೇಳುವುದು ಸುಲಭ. ಮಗುವಿನ ತಲೆಗೊಂದು ಕೈ, ಪಂಪಿಗೊಂದು ಕೈ, ಕೆನ್ನೆ ತುರಿಸಿದರೆ ದೇವರೇ ಗತಿ. ಹಾಗೂ ಹೀಗೂ ದಿನಕ್ಕಿಷ್ಟು ಹಿಂಡಿ, ಫ್ರಿಜ್ಜಿನಲ್ಲಿ ಮೊಟ್ಟೆಗಳ ಹಿಂದೆ ಪುಟ್ಟ ಬಾಟಲಿಗಳ ಒಂದು ಸಾಲು ಕಟ್ಟಿದೆ. ಅಡುಗೆಮನೆಗೆ ಹೋದಾಗಲೆಲ್ಲ ಬಾಗಿಲು ತೆಗೆದು ಒಮ್ಮೆ ನೋಡಿ ಬರುತ್ತಿದ್ದೆ.

ಮಾವನಿಗೆ ಮಾತ್ರ ಆ ಪಂಪಿನ ಸದ್ದು ಬೆಂಕಿಯ ಅಲಾರಮ್ಮಿನ ಹಾಗೆ. ಅದು ಗುರ್ರೆಂದರೆ ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಿದ್ದರು. ಮಳೆಯಲ್ಲೂ ಹೋದದ್ದುಂಟು. ನಾಚಿಕೆ, ಪಾಪ. ನಾನು ಬಾಗಿಲು ಹಾಕಿಕೊಂಡೇ ಕೂರುತ್ತಿದ್ದೆ, ಆದರೆ ಸದ್ದಿಗೆ ಬಾಗಿಲೇನು. ಈ ಮನುಷ್ಯ ನಾಳೆ ಬಾಟಲಿ ಹಿಡಿದು ಮಗುವಿಗೆ ಹೇಗೆ ಕುಡಿಸುತ್ತಾರೋ ಎಂಬ ಚಿಂತೆ ನನಗಿತ್ತು. ಗಂಡ ಒಂದೆರಡು ಸಲ ಬಾಟಲಿ ಕೊಟ್ಟು ನೋಡಿದ್ದ. ಚೋಟಿ ಅರ್ಧ ಕುಡಿದು, ಇನ್ನರ್ಧ ಅವನ ಅಂಗಿಗೆ ಉಗಿದಿದ್ದಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಮಗುವಿನ ಜೊತೆ ನನಗೂ ಜೊಂಪು ಹತ್ತಿತ್ತು. ಎದ್ದು ಅಡುಗೆಮನೆಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ನನ್ನ ಬಾಟಲಿಗಳೆಲ್ಲ ಸಿಂಕಿನ ಪಕ್ಕ ಥಳಥಳ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿದ್ದವು. ಫ್ರಿಜ್ ತೆಗೆದೆ. ಮೊಟ್ಟೆಗಳಿದ್ದವು. ಹಿಂದೆ ಏನೂ ಇರಲಿಲ್ಲ.

"ಮಾವ, ಫ್ರಿಜ್ಜಲ್ಲಿದ್ದ ಬಾಟ್ಲಿ?"

ಮಾವ ಕಿಟಕಿಯ ಬಳಿ ಪೇಪರ್ ಓದುತ್ತಿದ್ದರು. "ತೊಳೆದಿಟ್ಟಿದೀನಿ."

"ಅದರೊಳಗಿದ್ದ ಹಾಲು?"

ಪೇಪರ್ ಮಡಿಸಿದರು. ಬಿಚ್ಚಿದರು. ಮತ್ತೆ ಮಡಿಸಿದರು. "ಕೆಟ್ಟುಹೋಗಿತ್ತು ಕಣಮ್ಮ. ಮೊಟ್ಟೆ ತೆಗೆಯೋಕೆ ಹೋದಾಗ ಒಂದರ ಮುಚ್ಚಳ ಸಡಿಲ ಇತ್ತು. ವಾಸನೆ ಬಂತು. ಎಲ್ಲಾನೂ ನೋಡಿದೆ. ಎಲ್ಲದರಲ್ಲೂ ಒಂಥರಾ ಸೋಪಿನ ವಾಸನೆ. ಮಗು ಹೊಟ್ಟೆಗೆ ಹೋಗೋದು ಅಂತ ಚೆಲ್ಲಿಬಿಟ್ಟೆ."

ನನ್ನ ಮೈಯೆಲ್ಲ ಉರಿದುಹೋಯಿತು. "ಒಂದು ಮಾತು ನನ್ನನ್ನ ಕೇಳಬಾರದಿತ್ತಾ?"

"ಹೇಗಮ್ಮ ಕೇಳೋದು?" ಅಂದರು. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ಅಂದರು.

"ಹೇಗೆ ಅಂದ್ರೆ? ಬಾಯಿ ಬಿಟ್ಟು! ನಾನೇನು ನಿಮ್ಮ ಡೈರಿಗೆ ಬಂದ ಕ್ಯಾನಾ, ಮೂಸಿ ನೋಡಿ ವಾಪಸ್ ಕಳ್ಸೋಕೆ? ನಾಳೆ ಬೆಳಿಗ್ಗೆ ಹೋಗ್ಬೇಕು ನಾನು. ಏನು ಕುಡೀಬೇಕು ಮಗು, ನೀರಾ? ನಿಮ್ಮನ್ನ ನಂಬಿ ಬಿಟ್ಟು ಹೋಗೋದಾದ್ರೂ ಹೇಗೆ?"

ಕೊನೆಯ ಮಾತು ಬೇಡವಾಗಿತ್ತು. ಬಾಯಿಂದ ಬಿದ್ದಾಗಿತ್ತು. ಮಾವ ಎದ್ದು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದರು. ಒಳಗೆ ಚೋಟಿ ಎದ್ದು ಕಿರುಚತೊಡಗಿದಳು.

ಗಂಡನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಅಯ್ಯೋ," ಅಂದ. ಆಮೇಲೆ, "ಅಲ್ಲ, ಅಪ್ಪ ಮೂಸಿ ನೋಡಿ ಕೆಟ್ಟಿದೆ ಅಂದ್ರೆ..." ಅಂದು ನುಂಗಿಕೊಂಡ.

"ಅಂದ್ರೆ? ಏನು ಅಂದ್ರೆ? ನನ್ನ ಹಾಲು ಕೆಟ್ಟದ್ದಾ?"

"ಓವನ್ ಕರೀತಿದೆ, ಇಡ್ತೀನಿ," ಅಂದ ನನ್ನ ಗಂಡ. ಓವನ್ ಕರೆಯುತ್ತದಂತೆ.

ಒಂದು ಕಡೆ ಚೋಟಿಯನ್ನು ಹಾಕಿಕೊಂಡು ಇನ್ನೊಂದು ಕಡೆ ಪಂಪು ಇಟ್ಟೆ. ಸಿಟ್ಟಿನಲ್ಲಿ ಹಾಲು ಇಳಿಯುವುದಿಲ್ಲ ಅನ್ನುವುದು ಅವತ್ತು ನನಗೆ ತಿಳಿಯಿತು. ಬಾಟಲಿಯ ತಳ ಒದ್ದೆಯಾಯಿತು, ಅಷ್ಟೆ. ಚೋಟಿಯೂ ಎಳೆದು ಎಳೆದು ಸಾಕಾಗಿ ಮುಖ ಕೆಂಪಗೆ ಮಾಡಿಕೊಂಡು ಅತ್ತಳು. ಅವಳ ತಲೆಯ ಮೇಲೆ ನನ್ನ ಕಣ್ಣೀರು ಬಿತ್ತು. ಸಿಟ್ಟು ಹೋಗಿ ಭಯ ಹತ್ತಿತ್ತು. ನನ್ನ ಹಾಲೇ ಸರಿಯಿಲ್ಲವೇನೋ? ಅಷ್ಟು ವರ್ಷ ತಪ್ಪದ ಮೂಗು ನನ್ನ ಹತ್ತಿರ ಬಂದು ತಪ್ಪುತ್ತದೆಯೇ? ಯಾರೂ ಇಲ್ಲದಿದ್ದರೂ ಆ ಕಡೆ ಈ ಕಡೆ ನೋಡಿ, ಬಾಟಲಿಯ ತಳದಲ್ಲಿದ್ದಷ್ಟನ್ನು ಮೂಸಿದೆ. ಏನೂ ವಾಸನೆ ಇರಲಿಲ್ಲ. ಏನೂ ಸಮಾಧಾನವೂ ಆಗಲಿಲ್ಲ. ಪರೀಕ್ಷೆ ಹಾಳಾಗಿ ಹೋಗಲಿ, ಕಿಂಡಿಯ ಹಿಂದೆಯೇ ಕೂತರಾಯಿತು ಅಂದುಕೊಂಡೆ.

ಮಾವ ಬಂದದ್ದು ದೀಪ ಹಾಕುವ ಹೊತ್ತಿಗೆ. ಕೋಣೆಯ ಬಾಗಿಲ ಹೊರಗೆ ನಿಂತು, ಮುಖ ಗೋಡೆಯ ಕಡೆ ತಿರುಗಿಸಿ, ಗಂಟಲು ಸರಿಮಾಡಿಕೊಂಡರು.

"ನರ್ಸಮ್ಮನ್ನ ಕೇಳ್ಕೊಂಡು ಬಂದೆ."

"ಏನನ್ನ?"

"ಹಾಲಿನ ವಿಷಯ. ಕೆಲವರ ಹಾಲು ಫ್ರಿಜ್ಜಲ್ಲಿಟ್ರೆ ಹಾಗೆ ಸೋಪಿನ ವಾಸನೆ ಬರುತ್ತಂತೆ. ಅದು ಕೆಟ್ಟದ್ದಲ್ವಂತೆ. ಮಗು ಕುಡಿದ್ರೆ ಧಾರಾಳವಾಗಿ ಕೊಡಬಹುದಂತೆ." ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದರು. "ಚೆನ್ನಾಗಿರೋ ಹಾಲನ್ನೇ ಚೆಲ್ಲಿಬಿಟ್ಟೆ ಕಣಮ್ಮ."

ನನಗೆ ಮೊದಲು ಉಸಿರು ಬಂತು. ಆಮೇಲೆ ಕ್ಲಿನಿಕ್ಕು ಕಣ್ಣ ಮುಂದೆ ಬಂತು. "ಸಂಜೆ ಹೊತ್ತು ಅಲ್ಲಿ ಬರೀ ಹೆಂಗಸರು ಇರ್ತಾರಲ್ಲ ಮಾವ!"

"ಇದ್ರು. ಸಾಲಲ್ಲಿ ನಿಂತಿದ್ದೆ."

"ಎಲ್ಲರ ಎದುರಿಗೇ ಕೇಳಿದ್ರಾ?"

"ನಾನು ಮೆತ್ತಗೇ ಕೇಳಿದೆ. ಆಯಮ್ಮ ಗಟ್ಟಿಯಾಗಿ ಹೇಳಿದ್ಲು. ಬೀದಿಗೆಲ್ಲ ಕೇಳಿಸಿರುತ್ತೆ."

ಎಷ್ಟು ತಡೆದರೂ ನಗು ಬಂದುಬಿಟ್ಟಿತು. ಬಾಗಿಲ ಸಂದಿಯಿಂದ ಅವರ ಒಂದು ಕಿವಿ ಮಾತ್ರ ಕಾಣುತ್ತಿತ್ತು, ಕೆಂಪಗೆ. ಅಲ್ಲಿಂದಲೇ ಎರಡೂ ಕೈ ಚಾಚಿ, "ಕೊಡು ಇಲ್ಲಿ ಮಗೂನ. ನಾನು ಎತ್ಕೊಂಡಿರ್ತೀನಿ, ನೀನು ಪಂಪು ಹಾಕ್ಕೋ. ಹಸಿವು ಅಂದ್ರೆ ಮತ್ತೆ ಕೊಡ್ತೀನಿ," ಅಂದರು.

ಅವತ್ತು ಸಂಜೆ ನಮ್ಮ ಮನೆ ಡಿಪೋ ಹಾಗೆ ನಡೆಯಿತು. ಚೋಟಿ ಒಳಗೆ ಬರುವಳು, ಕುಡಿಯುವಳು, ಹೊರಗೆ ಹೋಗುವಳು. ಮಾವ ಅವಳನ್ನು ಭುಜದ ಮೇಲೆ ಹಾಕಿಕೊಂಡು ಹೊರಗಿನ ಕೋಣೆಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವರು, ಒಳಗೆ ಪಂಪು ಗುರ್ರೆನ್ನುವುದು. ಚಪ್ಪಲಿ ಮೂಲೆಯಲ್ಲೇ ಇತ್ತು. ಗಂಡ ಬಂದು ಬಾಗಿಲಲ್ಲೇ ನಿಂತು ನಮ್ಮಿಬ್ಬರ ಮುಖ ನೋಡಿ, ಮಾತಾಡದಿರುವುದೇ ಕ್ಷೇಮವೆಂದು ಬಾಟಲಿ ಕುದಿಸಲು ಹೋದ. ಮನಸ್ಸು ಹಗುರಾಗಿತ್ತೋ ಏನೋ, ಹಾಲು ಇಳಿಯಿತು. ಬೆಳಗಿನ ಮೊದಲ ಸಲ ಕುಡಿಸುವಾಗಲೂ ಪಂಪು ಜೊತೆಗಿಟ್ಟೆ. ಹೊರಡುವ ಹೊತ್ತಿಗೆ ಎರಡು ಸಲಕ್ಕೆ ಬೇಕಾದಷ್ಟಿರಲಿಲ್ಲ. ಒಂದೂವರೆ ಸಲಕ್ಕಿತ್ತು.

"ತಲೆ ಎತ್ತರಕ್ಕೆ ಹಿಡ್ಕೊಳ್ಳಿ, ಬಾಟ್ಲಿ ಅಡ್ಡ ಇರಲಿ, ಸುರೀಬೇಡಿ. ನಡುನಡುವೆ ನಿಲ್ಲಿಸಿ ಉಸಿರು ಬಿಡೋಕೆ ಬಿಡಿ," ಅಂದೆ. ಮಾವ ಪ್ರತಿ ಮಾತಿಗೂ ತಲೆಯಾಡಿಸಿದರು. ನಿನ್ನೆಯ ಮಾತಿಗೆ ಕ್ಷಮೆ ಕೇಳಬೇಕೆಂದು ಬಾಗಿಲವರೆಗೂ ಅಂದುಕೊಂಡೆ. "ಹೋಗ್ಬರ್ತೀನಿ," ಅಂದಷ್ಟೇ ಬಂತು.

ಡಿಪೋದಲ್ಲಿ ನನಗಿಂತ ಮುಂದೆ ಒಂದು ಸಾಲು ಜನವಿದ್ದರು. ಬೆಂಚಿನ ಮೇಲೆ ಕೂತು ಫೋನನ್ನು ನೋಡಿದೆ, ಇಟ್ಟೆ, ನೋಡಿದೆ. ಇನ್ಸ್‌ಪೆಕ್ಟರು ಬ್ರೇಕ್ ಸಾಹೇಬರೆಂದೇ ಹೆಸರಾದವರು, ಸುಮ್ಮಸುಮ್ಮನೆ "ಬ್ರೇಕ್!" ಎಂದು ಕೂಗಿ ಹೆದರಿಸುವುದು ಅವರಿಗೆ ಖುಷಿ. ನನ್ನ ಸರದಿ ಬರುವ ಹೊತ್ತಿಗೆ ಚೋಟಿಯ ಎರಡನೇ ಸಲದ ಹೊತ್ತಾಗಿತ್ತು. ಗಡಿಯಾರ ನೋಡಬೇಕಾಗಿಯೇ ಇರಲಿಲ್ಲ, ಎದೆ ಕಲ್ಲಾಗಿ ನೋಯುತ್ತಿತ್ತು. ಅವರು ಮೂರು ಸಲ ಕೂಗಿದರು, ನಾನು ಮೂರು ಸಲ ನಿಲ್ಲಿಸಿದೆ. ಇಕ್ಕಟ್ಟಿನ ಜಾಗದಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸಿದೆ. "ಮನೇಲಿ ಕೂತು ಕೈ ಮರೆತಿಲ್ಲ ನೀವು. ಪಾಸ್," ಅಂದರು. ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ, ಗೇಟಿನ ಕಡೆ ಓಡಿದ್ದು ನೆನಪಿದೆ.

ದಾರಿಯುದ್ದಕ್ಕೂ ಒಂದೇ ಯೋಚನೆ. ಹಾಲು ಮುಗಿದಿರುತ್ತದೆ, ಮಗು ಹಸಿದಿರುತ್ತದೆ, ನಾನು ಹೋಗಿ ಎತ್ತಿಕೊಂಡ ಕೂಡಲೇ ಗಬಕ್ಕನೆ ಬಾಯಿ ಹಾಕುತ್ತಾಳೆ. ಜಾಕೆಟ್ಟಿನ ಒಳಗೆ ಎರಡೂ ಕಡೆ ಒದ್ದೆಯಾಗಿತ್ತು. ಮೆಟ್ಟಿಲು ಹತ್ತುವಾಗ ಅಳು ಕೇಳಿಸಲಿಲ್ಲ. ಬಾಗಿಲು ತಳ್ಳಿದೆ.

ಮಾವ ಕುರ್ಚಿಯಲ್ಲಿ ಕಡ್ಡಿಯ ಹಾಗೆ ನೆಟ್ಟಗೆ ಕೂತಿದ್ದರು. ಅವರ ತೋಳಿನಲ್ಲಿ ಚೋಟಿ ಬಾಯಿ ತೆರೆದು ನಿದ್ದೆಹೋಗಿದ್ದಳು. ಗಲ್ಲದ ಮೇಲೆ ಹಾಲಿನ ಹನಿ. ಬಾಟಲಿಗಳು ಖಾಲಿ.

"ಈಗ ತಾನೇ ಮುಗಿಸಿದ್ಲು," ಮಾವ ಪಿಸುಗುಟ್ಟಿದರು. "ನಿನ್ನೆ ಸಂಜೇದಕ್ಕೆ ಆಗಲೇ ಆ ವಾಸನೆ ಬಂದಿತ್ತು. ಮೂಗು ಬೇಡ ಬೇಡ ಅಂತು. ನೀನು ಕೊಡಿ ಅಂದಿದ್ದೀಯಲ್ಲ ಅಂತ ಕೊಟ್ಟೆ. ಒಂದು ಹನಿ ಉಗೀಲಿಲ್ಲ. ಸ್ವಲ್ಪ ಸ್ವಲ್ಪಾನೇ ಕೊಟ್ಟೆ, ಇದ್ದಷ್ಟರಲ್ಲೇ ಹೊಟ್ಟೆ ತುಂಬಿಸ್ಕೊಂಡ್ಲು. ನಾನು ಎತ್ಕೊಂಡಿದ್ದಕ್ಕೆ ಅಳಲೂ ಇಲ್ಲ."

ನನಗೆ ಬೇಕಾಗಿದ್ದದ್ದೆಲ್ಲ ಆಗಿತ್ತು. ನಾನು ಪಾಸಾಗಿದ್ದೆ, ಮಗಳು ಹೊಟ್ಟೆ ತುಂಬ ಕುಡಿದು ಮಲಗಿದ್ದಳು. ನಾನು ಅಲ್ಲೇ ಬಾಗಿಲ ಬಳಿ ನೆಲದ ಮೇಲೆ ಕೂತು ಅಳತೊಡಗಿದೆ. ಅಳುವಂಥದ್ದು ಏನೂ ಇಲ್ಲವೆಂದು ಗೊತ್ತಿದ್ದೂ ಬಿಕ್ಕಿಬಿಕ್ಕಿ ಅತ್ತೆ.

ಮಾವ ಗಾಬರಿಯಾದರು. "ಫೇಲಾಯ್ತಾ? ಹೋಗ್ಲಿ ಬಿಡಮ್ಮ, ಇನ್ನೊಂದ್ಸಲ..."

"ಪಾಸಾಯ್ತು ಮಾವ."

"ಮತ್ತೇನಮ್ಮ? ಎಲ್ಲಾ ಸರಿಯಾಯ್ತಲ್ಲ?"

"ಸರಿಯಾಯ್ತು. ನಾನಿಲ್ದೇನೇ ಸರಿಯಾಯ್ತಲ್ಲ ಮಾವ."

ಮಾವ ಚೋಟಿಯ ಮುಖ ನೋಡಿದರು, ನನ್ನ ಒದ್ದೆ ಜಾಕೆಟ್ಟು ನೋಡಿ ತಟ್ಟನೆ ಕಣ್ಣು ಬೇರೆ ಕಡೆ ತಿರುಗಿಸಿದರು. ತುಂಬ ಹೊತ್ತು ಯೋಚಿಸಿದ ಮೇಲೆ ಮಾತು ಬಂತು.

"ಕುಡಿದಿದ್ದು ಹೌದು. ಆದ್ರೆ ಬಾಟ್ಲಿ ಖಾಲಿಯಾದ್ಮೇಲೂ ಮಲಗಲಿಲ್ಲ ಕಣಮ್ಮ. ಆ ಬಾಗಿಲ ಕಡೆಗೇ ನೋಡ್ತಿದ್ಲು."

ತಿಂಗಳ ಕೂಸಿಗೆ ಅಷ್ಟು ದೂರದ ಬಾಗಿಲು ಕಾಣಿಸುವುದಿಲ್ಲ. ಅದು ನನಗೂ ಗೊತ್ತು, ಒಂದು ಮಗುವನ್ನು ಬೆಳೆಸಿದ ಅವರಿಗೂ ಗೊತ್ತು. ನಾನು ಮೂಗು ಒರೆಸಿಕೊಂಡೆ.

"ಎಷ್ಟು ಹೊತ್ತು ನೋಡಿದ್ಲು ಮಾವ?"

"ತುಂಬಾ ಹೊತ್ತು," ಅಂದರು.