ನೂರರವತ್ತು ಮೀಟರಿನ ಬಿಸಿ

"ಇದು ಮೂವತ್ತೆಂಟು ಅಲ್ಲ, ಮೂವತ್ತೊಂದೂವರಿ ಡಿಗ್ರಿ ಇರಬೇಕು," ಅಂದರು ಬಳ್ಳಾರಿಯಿಂದ ಜೀಪಿನಲ್ಲಿ ಬಂದಿದ್ದ ಹಾಲಸಿದ್ದಪ್ಪ ಸಾಹೇಬರು, ನನ್ನ ಚೀಟಿ ನೋಡಿ. ಎಪ್ಪತ್ನಾಲ್ಕರ ಬೇಸಿಗೆ. ಅವರು ಕುರುಗೋಡು ಗುಡ್ಡದ ಬುಡದಲ್ಲಿ ಡೇರೆಯ ನೆರಳಿಗೆ ಕೂತಿದ್ದರು. ಒಳಗಿನ ಕಲ್ಲಿನ ಬಿಸಿ ಅಳೆಯಲು ಕೊಳವೆಬಾವಿಯೊಳಗೆ ನೂರರವತ್ತು ಮೀಟರ್ ಕೆಳಕ್ಕೆ ಥರ್ಮಾಮೀಟರ್ ಇಳಿಸಿ ಓದಿದವನು ನಾನು.

ಮೈ ಉರಿಯಿತು. ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ಅಂಕಿ ಓದಲಿಕ್ಕೂ ಬರುವುದಿಲ್ಲವೇನು?

"ಯಾಕ್ರಿ ಸಾಹೇಬ್ರ, ನೀವು ಒಳಗ ಇಳಿದು ನೋಡಿ ಬಂದ್ರೇನು?"

"ಸುಳ್ಳು ಬರಿಯೋರು ನನಗ ಬ್ಯಾಡ ಗಾದೆಪ್ಪ. ನಾಳಿಂದ ಸಿರುಗುಪ್ಪಕ್ಕ ಹೋಗಿ ಭತ್ತದ ಚೀಲ ಹೊರು."

"ಹೋಗಲೇ, ಚೀಲಕ್ಕ ಡಿಗ್ರಿ ಇರಲ್ಲ," ಅಂದ ರಾಟೆ ತಿರುಗಿಸುವ ಎರ್ರಣ್ಣ.

"ನಿಮ್ಮ ಕಣ್ಣೆದುರಿಗೇ ಮತ್ತ ಇಳಸ್ತೀನಿ!" ಅಂದೆ ಸಾಹೇಬರಿಗೆ.

ಸಾಹೇಬರು ಚೌಕಳಿ ಹಾಳೆ ತಿರುಗಿಸಿ ತೋರಿಸಿದರು. ಮೂರು ತಿಂಗಳ ಇಪ್ಪತ್ತು ಚುಕ್ಕಿ, ಒಂದು ತುಸು ಮೇಲೆ, ಒಂದು ತುಸು ಕೆಳಗೆ. ನಡುವೆ ಎಲ್ಲವಕ್ಕೂ ಆದಷ್ಟು ಹತ್ತಿರವಾಗಿ ಒಂದೇ ಗೆರೆ. "ಲೆಕ್ಕ ಹಾಕಿ ಎಳದದ್ದು. ನೂರು ಮೀಟರಿಗೆ ಒಂದು ಡಿಗ್ರಿ ಏರ್ತೈತಿ. ನಿನ್ನಿ ಚೀಟಿದೊಂದು ಮಾತ್ರ ಗುಡ್ಡ ಹತ್ತಿ ಕುಂತೈತಿ."

ನಮ್ಮ ಥರ್ಮಾಮೀಟರ್ ಜ್ವರ ನೋಡುವುದರ ಹಾಗೆ, ಒಮ್ಮೆ ಏರಿದರೆ ಕೊಡವಿ ಒದರುವತನಕ ಇಳಿಯದು. ನಮ್ಮ ಬಿಸಿಲೋ ಒಳಗಿನ ಕಲ್ಲಿಗಿಂತ ಬಿಸಿ. ಅದಕ್ಕೇ ಒದರಿ, ನೀರಿನ ಗಡಿಗೆಯಲ್ಲಿಟ್ಟು, ತೆಗೆದ ಕೂಡಲೇ ಇಳಿಸಬೇಕು. ಗಡಿಗೆಗೆ ಕೈ ಹಾಕಿದಾಗ ನೆನಪಾಯಿತು: ನಿನ್ನೆ ಹಗ್ಗದ ಗಂಟು ಬಿಗಿಯುವಾಗ ಥರ್ಮಾಮೀಟರನ್ನು ಬಿಸಿಲಿನ ಬಂಡೆಯ ಮೇಲಿಟ್ಟಿದ್ದೆ.

ಈ ಸಲ ಗಡಿಗೆಯಿಂದ ತೆಗೆದ ಕೂಡಲೇ ಇಳಿಸಿ, ಅರ್ಧ ತಾಸು ಕಾದು, ಎಳೆದೆವು. ಮೂವತ್ತೊಂದು, ಅದರ ಮೇಲೆ ಐದು ಗೀಟು.

ಸೂರ್ಯ ಕಾಣದ ಆ ಕಲ್ಲಿನೊಳಗೆ ಯಾರೂ ಹೋಗಿಲ್ಲ. ಪೆನ್ಸಿಲ್ ಗೆರೆಗೆ ಅದರ ಬಿಸಿ ಹೇಗೆ ತಿಳಿಯಿತು? ಹಾಳೆಯ ಮೇಲೆ ಬಗ್ಗಿ ಚುಕ್ಕಿಗಳನ್ನು ಒಂದೊಂದಾಗಿ ನೋಡಿದೆ. ನಲವತ್ತು ಮೀಟರ್, ಅರವತ್ತು, ಎಂಬತ್ತು... ಇಪ್ಪತ್ತೂ ನಾನೇ ಬರೆದುಕೊಟ್ಟ ಚೀಟಿಗಳು. ನನ್ನ ಅಳತೆಗಳೇ ಕೂಡಿ ನನ್ನ ತಪ್ಪು ಹಿಡಿದಿದ್ದವು.

"ಬಂಡೆಗಲ್ಲಿನ ಮ್ಯಾಲ ಇಟ್ಟಿದ್ದೆ ಸಾಹೇಬ್ರ. ಬಿಸಿಲು ಅಳದು ಬರದೀನಿ."

ಅವರು ಹಾಳೆಯನ್ನು ನನ್ನ ಕಡೆ ಸರಿಸಿ, ಪೆನ್ಸಿಲ್ ಕೊಟ್ಟರು. "ಮೂವತ್ತೆಂಟು ಅಳಸಬ್ಯಾಡ. ಯಾಕ ತಪ್ಪಾತು ಅಂತ ಪಕ್ಕದಾಗ ಬರಿ. ನಾಳೆ ನೂರೆಂಬತ್ತಕ್ಕ ಇಳಸು."

"ಸಾವಿರ ಮೀಟರಿಗೆ ಎಷ್ಟು ಇರಬೌದ್ರಿ?"

ಸಾಹೇಬರ ಬೆರಳು ಗೆರೆಯ ಗುಂಟ ಹಾಳೆ ದಾಟಿ ಮೇಜಿನ ಮೇಲೆ ಹೋಯಿತು. "ನಲವತ್ತರ ಹತ್ರ ಇರಬೌದು. ಅಲ್ಲೀತನಕ ಗೆರಿ ಹಿಂಗ ನೆಟ್ಟಗ ಹೋಗತೈತೋ ಇಲ್ಲೋ, ಯಾರಿಗೆ ಗೊತ್ತು?"

ಬರೆದು ಮುಗಿಸಿ, ನೂರೆಂಬತ್ತರ ಹತ್ತಿರ ಕಣ್ಣು ಹೋಗುವ ಮುಂಚೆ ಹಾಳೆಯನ್ನು ಬೋರಲು ಹಾಕಿದೆ. ನಾಳಿನ ಅಂಕಿಯನ್ನು ಗೆರೆ ನೋಡದೆಯೇ ಓದಬೇಕಿತ್ತು.