ತಟ್ಟೆಯಲ್ಲಿ ಹುಲ್ಲು

"ಉಸಿರು ಒಳಕ್ಕೆ ತಗೋ," ಎನ್ನುತ್ತ ಅಮ್ಮ ನಿಯೆವೆಸಳ ವೇಷದ ಬೆನ್ನ ಮೇಲಿನ ಲಾಡಿಯನ್ನು ಇನ್ನಷ್ಟು ಬಿಗಿದಳು.

"ಸಾಕಮ್ಮ."

"ದೊನ್ಯಾ ಹಿಮೆನಾ ಹೀಗೇನಾ ಗೂನು ಹಾಕ್ಕೊಂಡು ಈ ಊರಿಗೆ ಬಂದದ್ದು?"

ಬಂದೇ ಇರಲಿಲ್ಲ. ಊರು ಕಟ್ಟಿದ ಕ್ಯಾಪ್ಟನ್ನನ ಹೆಂಡತಿ ಸ್ಪೇನಿನ ತನ್ನ ಮನೆಯಲ್ಲೇ ಮುದುಕಿಯಾಗಿ ಸತ್ತವಳು. ರಾಜಧಾನಿಗೆ ಹೋಗಿ ಚರಿತ್ರೆ ಓದಿ ನಿಯೆವೆಸ್ ತಂದದ್ದು ಈ ಒಂದು ಸಂಗತಿ. ಮೇಯರಿಗೆ ಹೇಳಿದಾಗ ಅವರು ನಕ್ಕಿದ್ದರು: "ಕುದುರೆಗೆ ಹೇಳಾಗಿದೆ ಕಣಮ್ಮ. ಈಗ ಅವಳು ಬರಲೇಬೇಕು."

ಊರು ಹುಟ್ಟಿದ ದಿನದ ಆಟದಲ್ಲಿ, ಆ ದೊನ್ಯಾಳಾಗಿ, ಕುದುರೆಯ ಮೇಲೆ ನಿಯೆವೆಸ್ ಬಂದಳು. ಪಕ್ಕದಲ್ಲಿ, ಕ್ಯಾಪ್ಟನ್ನನ ಅಂಟುಗಡ್ಡದೊಳಗೆ, ಮೇಯರ ಮಗ ಫಾಬ್ರಿಸಿಯೊ. ಸಮಾರಂಭ ಮುಗಿದೊಡನೆ ಅದೇ ವೇದಿಕೆಯಿಂದ ಇಬ್ಬರ ನಿಶ್ಚಿತಾರ್ಥ ಸಾರುತ್ತಾರೆ. ಅವಳನ್ನು ಯಾರೂ ಕೇಳಿರಲಿಲ್ಲ. ಅವಳೂ ಬೇಡವೆಂದಿರಲಿಲ್ಲ. ಅಮ್ಮನ ಲೆಕ್ಕದಲ್ಲಿ ಅಷ್ಟಾದರೆ ಒಪ್ಪಿಗೆ.

"ನಿನಗೆ ಇದೆಲ್ಲ ಬೇಕಾ?" ನಿಯೆವೆಸ್ ಅವನನ್ನು ಕೇಳಿದಳು.

"ಯಾವುದು?"

"ಆಮೇಲಿನದು."

ಫಾಬ್ರಿಸಿಯೊ ಗದ್ದ ಕೆರೆದುಕೊಂಡ. "ಈ ಗಡ್ಡ ಸಾಯಿಸ್ತಿದೆ ನನ್ನ. ನಾನು ಹುಲ್ಲು ಕತ್ತರಿಸ್ತೀನಿ, ನೀನು ನಗು. ಅಷ್ಟೇ ಕೆಲಸ."

ಕತ್ತರಿಸಲು ಚೌಕದಲ್ಲಿ ಹುಲ್ಲೆಲ್ಲಿತ್ತು? ಎಲ್ಲ ಕಲ್ಲು. ಅಂದು ಕ್ಯಾಪ್ಟನ್ ಕತ್ತಿಯಿಂದ ಹುಲ್ಲು ಕೊಯ್ದು ನೆಲ ತನ್ನದೆಂದಿದ್ದ. ಅದಕ್ಕೆಂದು ಪ್ರತಿವರ್ಷ ಬೇಕರಿಯ ನಾಲ್ಕು ಮೂಲೆಯ ತಗಡಿನ ತಟ್ಟೆಯೊಂದರಲ್ಲಿ ಹುಲ್ಲು ಬೆಳೆಸಿ, ಊರಿನ ಅಧಿಕಾರ ಸಾರುವ ನ್ಯಾಯದ ಕಂಬದ ಬುಡಕ್ಕೆ ತಂದಿಡುತ್ತಿದ್ದರು. ಹುಲ್ಲಿಗೆ ಕತ್ತಿ ಬೀಳುವ ಮುನ್ನ ಡಂಗುರದವನು ಮೂರು ಸಲ ಕೇಳುತ್ತಾನೆ. ಮೂರು ಸಲವೂ ಸುಮ್ಮನಿರುವುದು ಊರಿನ ಪಾತ್ರ. ಇಬ್ಬರೂ ಇಳಿದು ಕಂಬದ ಬಳಿ ನಿಂತರು; ಡಂಗುರದವನು ಕೂಗಿದ:

"ಈ ಊರು ಇಲ್ಲಿ ನೆಲೆನಿಲ್ಲೋದಕ್ಕೆ ಯಾರದಾದರೂ ತಕರಾರಿದೆಯೋ?"

ಯಾರೋ ಎಂಪನಾದ ಕಡುಬು ಅಗಿಯುತ್ತಿದ್ದುದಷ್ಟೇ ಕೇಳಿಸಿತು.

ಎರಡನೆಯ ಸಲ ಕೇಳಿದಾಗ ಅವಳಿಗೆ ಬೆನ್ನ ಲಾಡಿಯೊಂದೇ ಗೊತ್ತಾಗುತ್ತಿತ್ತು. ಬೇಡವೆನ್ನಲು ಇಷ್ಟು ದಿನ ಯಾರೂ ಇಷ್ಟು ಜಾಗ ಬಿಟ್ಟುಕೊಟ್ಟಿರಲಿಲ್ಲ.

ಮೂರನೆಯ ಸಲ.

"ನನ್ನದಿದೆ," ಅಂದಳು. ದನಿ ಬೇರೆ ಯಾರದೋ ಅನ್ನಿಸಿತು. "ನಾನು ಒಪ್ಪಿಲ್ಲ. ನನಗೆ ಬೇಡ."

ಕಡುಬು ಅಗಿಯುವ ಸದ್ದು ನಿಂತಿತು. ಫಾಬ್ರಿಸಿಯೊ ಅವಳನ್ನೇ ನೋಡಿದ; ಅದು ಆಟದ ಮಾತಲ್ಲವೆಂದು ಅವನಿಗೆ ತಿಳಿಯಿತು, ಅವನಿಗೆ ತಿಳಿದದ್ದು ಅವಳಿಗೂ ತಿಳಿಯಿತು. ಅವನ ಕಣ್ಣು ಅಪ್ಪನ ಕಡೆಗೆ ಹೋಗಿ ಬಂತು.

ಆಗ ಬಾಲ್ಕನಿಯಿಂದ ಒಂದು ಸಿಳ್ಳೆ. ಹಿಂದೆಯೇ ಚಪ್ಪಾಳೆ, ಚೌಕ ತುಂಬ.

"ಎಂಥಾ ಅಭಿನಯ ರೀ ನಿಮ್ಮ ಮಗಳದ್ದು! ಮೈ ಜುಮ್ಮಂತು," ಅಂದಳು ಪಕ್ಕದ ಮನೆಯಾಕೆ. ಅಮ್ಮ ಕಣ್ಣೊರೆಸಿಕೊಂಡಳು.

ಮೇಯರು ಮೈಕು ಹಿಡಿದರು. "ಮುಂದಿನ ವರ್ಷದಿಂದ ದೊನ್ಯಾ ಪ್ರತಿಸಲ ಈ ಮಾತು ಹೇಳಬೇಕು! ನಮ್ಮ ಕ್ಯಾಪ್ಟನ್ ಏನಂತಾನೋ?"

ಕ್ಯಾಪ್ಟನ್ ಕತ್ತಿ ಬೀಸಿದ. ಏಟು ಜೋರಾಯಿತು, ತಟ್ಟೆ ಮಗುಚಿತು. ಗಂಟೆಗಳು ಮೊಳಗತೊಡಗಿದವು. ಅವುಗಳ ನಡುವೆ ಮೈಕಿನಲ್ಲಿ ಎರಡು ಹೆಸರು ಒಟ್ಟಿಗೆ ಕೇಳಿದವು, ಒಂದು ಅವಳದು.

ಮಣ್ಣು ಚೂರೂ ಚೆಲ್ಲಿರಲಿಲ್ಲ. ಹುಲ್ಲು ಇಡಿಯಾಗಿ, ತಟ್ಟೆಯ ಆಕಾರದಲ್ಲೇ ಕಲ್ಲಿನ ಮೇಲೆ ಕವುಚಿ ಬಿದ್ದಿತ್ತು. ಅದರ ತಳ ಮೇಲಾಗಿತ್ತು: ಬಿಳಿ ಬೇರುಗಳು ತಗಡಿಗೆ ತಾಗಿ ತಿರುಗಿ, ಮತ್ತೆ ತಾಗಿ ತಿರುಗಿ, ನಾಲ್ಕು ಮೂಲೆಗಳನ್ನೂ ಬಾಯಿಪಾಠ ಮಾಡಿದ್ದವು.

"ಎತ್ತಿಡ್ರೋ, ಫೋಟೋ ಇದೆ!" ಯಾರೋ ಕೂಗಿದರು.

ನಿಯೆವೆಸ್ ಬಗ್ಗಲು ನೋಡಿದಳು. ಲಾಡಿ ಬಿಡಲಿಲ್ಲ.

ಫಾಬ್ರಿಸಿಯೊ ಹುಲ್ಲನ್ನು ತಿರುವಿ, ಬೂಟುಗಾಲಿನಿಂದ ತಟ್ಟೆಯೊಳಕ್ಕೆ ಒತ್ತಿದ. ಅದು ಅಳತೆಗೆ ಸರಿಯಾಗಿ ಕೂತಿತು.